ಪ್ಲೇಟಿನ ಕೆಳಗೊಂದು ಹಾಸು

ಮಂಡ್ಯದ ಪೇಟೆಬೀದಿಯ ಹಿಂದೆ ಹಳೆಯ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದು ಇನ್ನೂ ಉಳಿದುಕೊಂಡಿದೆ. ಹೋದ ತಿಂಗಳು ನಾನು ಅಲ್ಲಿಗೆ ಹಾಡಿನ ಪ್ಲೇಟು ಹಾಕುವ ಹಳೆಯ ರೆಕಾರ್ಡ್ ಪ್ಲೇಯರೊಂದನ್ನು ಕೊಟ್ಟಿದ್ದೆ. ವಾಪಸ್ ತರಲು ಹೋದಾಗ ಅಂಗಡಿಯವರು ಮೇಜಿನ ಮೇಲೆ ಮೂರು ಹಾಸುಗಳನ್ನು ಒಂದರ ಪಕ್ಕ ಒಂದು ಹರಡಿದರು. ಒಂದು ಕಪ್ಪು ರಬ್ಬರಿನದು, ಒಂದು ಬಾಟಲಿಯ ಬಿರಡೆಯಂಥ ಕಾರ್ಕಿನದು, ಇನ್ನೊಂದು ಒತ್ತಿ ಮಾಡಿದ ಉಣ್ಣೆಯದು. ಮೂರೂ ದೋಸೆಯಂತೆ ಗುಂಡಗೆ, ನಡುವೆ ಒಂದು ತೂತು.

"ಮೋಟ್ರು, ಮುಳ್ಳು ಎಲ್ಲ ಸರಿ ಮಾಡಿವ್ನಿ ಮೇಡಂ. ತಿರ್ಗೋ ತಟ್ಟೆ ಮೇಲಿದ್ದ ಹಾಸು ಮಾತ್ರ ಮುಟ್ಟಿದ್ರೆ ಪುಡಿಪುಡಿ ಆಯ್ತಿತ್ತು, ಕಿತ್ತಾಕ್ಬುಟ್ಟೆ. ಅದಿಲ್ದಿದ್ರೆ ಪ್ಲೇಟು ಜಾರ್ತದೆ. ಇದ್ರಲ್ಲಿ ಯಾವ್ದಾರ ಆರಿಸ್ಕಳಿ" ಎಂದರು.

ಹೊರಗೆ ಸೋನೆ ಹಿಡಿದಿತ್ತು. ಬಾಗಿಲ ಹತ್ತಿರ ನೇತುಹಾಕಿದ್ದಕ್ಕೋ ಏನೋ, ಉಣ್ಣೆಯ ಹಾಸು ತುಸು ತೇವವಾಗಿತ್ತು. ಕೈಗೆತ್ತಿಕೊಂಡು ಸುಮ್ಮನೆ ಮೂಗಿನ ಹತ್ತಿರ ತಂದೆ. ನೀರು ಚಿಮುಕಿಸಿ ಇಸ್ತ್ರಿ ಇಟ್ಟಾಗ ಉಣ್ಣೆ ಬಟ್ಟೆಯಿಂದ ಏಳುವ ವಾಸನೆ... ಅರ್ಧ ಕುರಿಯ ಮೈಯದು, ಅರ್ಧ ಸುಟ್ಟ ಕೂದಲಿನದು. ಅಂಗಡಿಯವರು ರಬ್ಬರಿನ ಗುಣ ಹೇಳುತ್ತಲೇ ಇದ್ದರು. ನಾನು ಆಗಲೇ ಭಾರತೀನಗರದ ನಮ್ಮ ಹಳೆಯ ವಠಾರಕ್ಕೆ ಹೋಗಿಬಿಟ್ಟಿದ್ದೆ. ಪಕ್ಕದ ಮನೆ ಅತ್ತೆಯ ಹೊಲಿಗೆ ಮಿಷನ್ನಿನ ಬುಡದಲ್ಲಿ, ಬಟ್ಟೆ ಚೂರುಗಳ ನಡುವೆ ಕೂತಿದ್ದೆ.

ಅತ್ತೆ ಎಂದರೆ ನೆಂಟರಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಅವರ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಮ್ಮಪ್ಪ ಅಲ್ಲೇ ಕಬ್ಬಿನ ಗಾಡಿ ತೂಗುವ ಕಡೆ ಗುಮಾಸ್ತರು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಹಾಗಾಗಿ ನನಗೆ ಅವರು ಮಾವ, ಇವರು ಅತ್ತೆ. ಮಕ್ಕಳಿರಲಿಲ್ಲ. ಅತ್ತೆ ಇಡೀ ಬೀದಿಯ ಹೆಂಗಸರಿಗೆ, ಕಾಲೇಜಿಗೆ ಬರುವ ಹುಡುಗಿಯರಿಗೆ ರವಿಕೆ ಹೊಲಿಯುತ್ತಿದ್ದರು. ಅವರು ಹೊಲಿದ ತೋಳು ಎಂದೂ ಬಿಗಿಯಾಗಿದ್ದಿಲ್ಲ ಎಂದು ನಮ್ಮಮ್ಮ ಇವತ್ತಿಗೂ ಹೇಳುತ್ತಾರೆ.

ಅತ್ತೆಗೆ ದನಿ ಇರಲಿಲ್ಲ. ಮಾತು ಇತ್ತು, ದನಿ ಇರಲಿಲ್ಲ. ನಾನು ತೀರ ಚಿಕ್ಕವಳಿದ್ದಾಗ ಅವರ ಕುತ್ತಿಗೆಯಲ್ಲಿ ಒಂದು ಗಡ್ಡೆ ಬೆಳೆದು ಮೈಸೂರಿನಲ್ಲಿ ಆಪರೇಷನ್ ಆಗಿತ್ತಂತೆ. ಗಡ್ಡೆ ನರಕ್ಕೆ ಸುತ್ತಿಕೊಂಡಿತ್ತು, ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಜೀವ ಉಳಿಯಿತು. ಆಮೇಲೆ ಅವರ ಮಾತೆಲ್ಲ ಪಿಸುಮಾತೇ. ಒಲೆ ಊದಿದಂತೆ ಬರೀ ಗಾಳಿ. ಯಾರನ್ನಾದರೂ ಕರೆಯಬೇಕಾದರೆ ಕತ್ತರಿಯಿಂದ ಮೇಜಿಗೆ ಎರಡು ಸಲ ತಟ್ಟುತ್ತಿದ್ದರು. ಗೋಡೆಯಾಚೆ ಆ ಸದ್ದು ಕೇಳಿದರೆ ನಾನು ಹೋಮ್‌ವರ್ಕ್ ಬಿಟ್ಟು ಓಡುತ್ತಿದ್ದೆ.

ಅವರು ಹುಟ್ಟಿದ್ದು ಮಳವಳ್ಳಿ ಕಡೆಯ ಪೂರಿಗಾಲಿಯಲ್ಲಿ. ಅಲ್ಲಿ ಅವರಿಗೆ ಹದಿನಾರು ವರ್ಷವಾಗಿದ್ದಾಗ ಜೀಪಿನಲ್ಲಿ ಯಾರೋ ಬಂದು ರಾಗಿ ಬೀಸುವ ಪದ ಹೇಳುವ ಐದು ಜನ ಹೆಂಗಸರನ್ನು ಕೂರಿಸಿಕೊಂಡು ಹಾಡಿಸಿ, ಯಂತ್ರದಲ್ಲಿ ಹಿಡಿದುಕೊಂಡು ಹೋದರಂತೆ. ವರ್ಷದ ಮೇಲೆ ಒಂದು ಚಿಕ್ಕ ಪ್ಲೇಟು ಅಂಚೆಯಲ್ಲಿ ಬಂತು. ಊಟದ ತಟ್ಟೆಗಿಂತ ಚಿಕ್ಕದು. ಬೀಸುವ ಕಲ್ಲಿಗೆ, ಮೆಲ್ಲಗೆ ತಿರುಗು, ಅವ್ವ ಈಗ ತಾನೇ ಕಣ್ಣು ಮುಚ್ಚಿದ್ದಾಳೆ ಎಂದು ಮಗಳು ಬೇಡಿಕೊಳ್ಳುವ ಪದ ಅದು. ಐವರೂ ಕೂಡಿ ಹೇಳುತ್ತಾರೆ. ನಡುವೆ ಒಂದೇ ಒಂದು ಸಾಲನ್ನು ಮಾತ್ರ ಎಲ್ಲರಿಗಿಂತ ಚಿಕ್ಕವಳು ಒಬ್ಬಳೇ ಹೇಳುತ್ತಾಳೆ. ಆ ಚಿಕ್ಕವಳು ನಮ್ಮ ಅತ್ತೆ.

ಮಾವ ಆ ಸಾಲಿಗೋಸ್ಕರವೇ ಒಂದು ಪ್ಲೇಯರ್ ತಂದರು. ಮದ್ದೂರಿನಲ್ಲಿ ಮದುವೆ ಮನೆಗಳಿಗೆ ಮೈಕ್‌ಸೆಟ್ ಕೊಡುತ್ತಿದ್ದವರು ಮಾರಿದ್ದ ಹಳೆಯ ಪೆಟ್ಟಿಗೆ ಅದು. ಪ್ರತಿ ಭಾನುವಾರ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ ಅದನ್ನು ತೆರೆದು, ಪ್ಲೇಟನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಮುಳ್ಳು ಇಡುತ್ತಿದ್ದರು. ಅತ್ತೆಯ ಸಾಲು ಬಂದಾಗ ಕಣ್ಣು ಮುಚ್ಚುತ್ತಿದ್ದರು. ಮುಗಿದ ಕೂಡಲೇ ಮುಳ್ಳನ್ನು ಎತ್ತಿ ಮತ್ತೆ ಅದೇ ಸಾಲಿಗೆ ಇಡುತ್ತಿದ್ದರು. ಮತ್ತೆ... ಮತ್ತೆ.

ಆದರೆ ಅದು ಸರಿಯಾಗಿ ಕೇಳುತ್ತಿರಲಿಲ್ಲ. ತಟ್ಟೆಯ ಮೇಲಿದ್ದ ರಬ್ಬರ್ ಹಾಸು ಹಳತಾಗಿ, ಗಟ್ಟಿಯಾಗಿ, ಗಾಜಿನಂತೆ ನುಣುಪಾಗಿತ್ತು. ಮುಳ್ಳು ಕೂತ ಕೂಡಲೇ ಪ್ಲೇಟು ಜಾರುತ್ತಿತ್ತು. ತಟ್ಟೆ ಒಂದು ವೇಗದಲ್ಲಿ, ಪ್ಲೇಟು ಇನ್ನೊಂದು ವೇಗದಲ್ಲಿ. ಹದಿನಾರರ ಹುಡುಗಿಯ ದನಿ ನಡುನಡುವೆ ಇಳಿದು, ನಿದ್ದೆಗಣ್ಣಿನ ಗಂಡಸು ಗೊಣಗಿದ ಹಾಗೆ ಆಗುತ್ತಿತ್ತು. ಮಾವನಿಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ.

ಆ ವರ್ಷವೆಲ್ಲ ಅವರು ಹಾಸು ಹುಡುಕಿದರು. ಕಾರ್ಖಾನೆಯಲ್ಲಿ ಗುಜರಿಗೆ ಹಾಕಿದ್ದ, ಪೈಪು ಜೋಡಿಸುವಲ್ಲಿ ಇಡುವ ಗ್ಯಾಸ್ಕೆಟ್ ಶೀಟನ್ನು ಕೇಳಿ ತಂದು ಗುಂಡಗೆ ಕತ್ತರಿಸಿದರು. ಭಾರಕ್ಕೆ ಮೋಟಾರು ಏದುಸಿರು ಬಿಟ್ಟಿತು. ಮದ್ದೂರಿನ ಸೈಕಲ್ ಅಂಗಡಿಯಿಂದ ಟ್ಯೂಬು ತಂದು ಸೀಳಿ ಅಂಟಿಸಿದರು. ಅಂಟಿಸಿದ ಕಡೆ ಉಬ್ಬಿ, ಪ್ಲೇಟು ದೋಣಿಯ ಹಾಗೆ ಏಳುತ್ತ ಬೀಳುತ್ತ ತಿರುಗಿತು. "ಈಗ್ ನೋಡು ಕೂಸೆ, ಈಗ್ ಸರ್ಯೋಯ್ತದೆ" ಎಂದು ಪ್ರತಿ ಸಲವೂ ನನಗೆ ಹೇಳುತ್ತಿದ್ದರು. ನಾನು ಪ್ರತಿ ಸಲವೂ ನಂಬುತ್ತಿದ್ದೆ.

ಅಷ್ಟು ಹೊತ್ತೂ ಅತ್ತೆ ಆ ಕೋಣೆಗೆ ಬರುತ್ತಿರಲಿಲ್ಲ. ಪೆಟ್ಟಿಗೆ ತೆರೆದ ಸದ್ದಾದರೆ ಎದ್ದು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯಲು ಕೂರುತ್ತಿದ್ದರು. ಒಗೆಯುವ ಬಟ್ಟೆ ಇಲ್ಲದಿದ್ದರೆ ಒಗೆದದ್ದನ್ನೇ ಇನ್ನೊಮ್ಮೆ ಒಗೆಯುತ್ತಿದ್ದರು. ಒಂದು ದಿನ ನಾನು ಹಿಂದೆಯೇ ಹೋಗಿ, "ಯಾಕತ್ತೆ, ನಿಮ್ಮ ಪದಾನೇ ಅಲ್ವಾ?" ಎಂದು ಕೇಳಿದೆ. ಅತ್ತೆ ಕೈಯ ನೊರೆ ಕೊಡವಿದರು.

"ಸತ್ತೋದವ್ಳ ಪಟಕ್ಕೆ ಊವ ಆಕ್ದಂಗೆ ಆಡ್ತಾರೆ ಕಣಮ್ಮಿ ನಿಮ್ ಮಾವ" ಎಂದು ಪಿಸುಗುಟ್ಟಿದರು. "ನಾನ್ ಇಲ್ಲೇ ಬದ್ಕಿವ್ನಲ್ಲ. ನನ್ನ ಮಾತ್ ಕೇಳಕ್ಕೆ ಅವ್ರು ಇಂಗೆ ಕಣ್ ಮುಚ್ಕಂಡು ಕೂತದ್ದುಂಟಾ?"

ನನಗೆ ಆಗ ಹನ್ನೊಂದು ವರ್ಷ. ಹಿಂಡಿದ ಬಟ್ಟೆಯ ಒಂದು ತುದಿ ಹಿಡಿದು ಅತ್ತೆಯ ಜೊತೆ ಕೊಡವಿದೆ.

ಕೊನೆಗೆ ಮಾವ ಮಳವಳ್ಳಿ ಸಂತೆಯಿಂದ ಒಂದು ತುಂಡು ಕಂಬಳಿ ತಂದರು. ಅದೂ ಒಂದು ಭಾನುವಾರವೇ. ಪ್ಲೇಟು ಜಾರಲಿಲ್ಲ, ನಿಜ. ಆದರೆ ಕಂಬಳಿಯ ಒರಟು ಎಳೆಗಳು ಎದ್ದೆದ್ದು ಮುಳ್ಳಿಗೆ ಸುತ್ತಿಕೊಂಡವು. ಹಾಡು ಮೂಟೆಯೊಳಗಿಂದ ಬಂದಂತೆ ಬಂದು, ಸರಿಯಾಗಿ ಆ ಸಾಲಿನ ಹತ್ತಿರ ಗಕ್ಕನೆ ನಿಂತಿತು.

"ಥತ್, ದನೀನೇ ಸತ್ತೋಯ್ತಲ್ಲ!" ಎಂದರು ಮಾವ.

ಒಳಗೆ ಹೊಲಿಗೆ ಮಿಷನ್ನು ನಿಂತಿತು. ಆ ದಿನ ಯಾರದೋ ಮದುವೆಯ ಬಟ್ಟೆ ಅವಸರಕ್ಕಿದ್ದದ್ದರಿಂದ ಅತ್ತೆ ಹಿತ್ತಿಲಿಗೆ ಹೋಗಿರಲಿಲ್ಲ. ಬಾಗಿಲಿಗೆ ಬಂದು ನಿಂತರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೂಗಲು ಆಗದವರ ಸಿಟ್ಟು ಹೇಗಿರುತ್ತದೆಂದು ಆ ದಿನ ಗೊತ್ತಾಯಿತು. ಕುತ್ತಿಗೆಯ ನರಗಳು ಉಬ್ಬಿದವು, ತುಟಿ ನಡುಗಿತು, ಬಂದದ್ದು ಮಾತ್ರ ಅದೇ ಗಾಳಿ.

"ದನಿ ಸತ್ತು ಯಾವ್ದೋ ಕಾಲ ಆಯ್ತು. ನಾನ್ ಸತ್ತಿಲ್ಲ ಕಣಿ."

"ಅಂಗಲ್ಲ ಕಣೆ... ಸರ್ಯಾಗ್ ಕೇಳ್ಸ್ಲಿ ಅಂತ ತಾನೆ ನಾನೂ ಇಷ್ಟೆಲ್ಲ..." ಎನ್ನುತ್ತ ಮಾವ ಮುಳ್ಳಿಗೆ ಸುತ್ತಿದ ಎಳೆ ಬಿಡಿಸತೊಡಗಿದರು.

ಅತ್ತೆ ಒಳಗೆ ಹೋಗಿ ಟ್ರಂಕು ತೆರೆದರು. ನುಸಿಗುಳಿಗೆಯ ವಾಸನೆ ಕೋಣೆಗೆಲ್ಲ ಬಂತು. ಅವರು ಹೊರತೆಗೆದದ್ದು ಬೂದು ಬಣ್ಣದ ಉಣ್ಣೆಯ ಕೋಟು, ಮಾವನ ಮದುವೆ ಕೋಟು. ಬೇಸಿಗೆಯ ಧಾರೆಯಲ್ಲಿ ಒಂದು ದಿನ ಬೆವತುಕೊಂಡು ತೊಟ್ಟದ್ದು ಬಿಟ್ಟರೆ ಅದು ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ. ಅತ್ತೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹಳೆಯ ರಬ್ಬರ್ ಹಾಸನ್ನು ಅದರ ಬೆನ್ನಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕಿದರು. ಕರ್ ಕರ್ ಎಂದು ಉಣ್ಣೆ ಕತ್ತರಿಸುವ ಸದ್ದು. ಮಾವ ಅರ್ಧ ಎದ್ದವರು ಹಾಗೇ ಕೂತರು.

ಸಿಟ್ಟಿನಲ್ಲೇ ಶುರುಮಾಡಿದ್ದು. ಆದರೆ ಬಟ್ಟೆ ಕೈಗೆ ಬಂದ ಮೇಲೆ ಅತ್ತೆಗೆ ಕೆಟ್ಟದಾಗಿ ಹೊಲಿಯಲು ಬರುತ್ತಿರಲಿಲ್ಲ. ಎರಡು ಪದರ ಕೂಡಿಸಿ, ನೀರು ಚಿಮುಕಿಸಿ ಇಸ್ತ್ರಿ ಒತ್ತಿದರು. ಒಂದು ಎಳೆಯೂ ಹೊರಗೆ ಬಾರದ ಹಾಗೆ ಅಂಚಿಗೆ ಕಾಜಾ ಹೊಲಿಗೆ ಹಾಕಿದರು. ನಡುವಿನ ತೂತಿಗೂ ಹಾಗೆಯೇ, ಗುಂಡಿಯ ಮನೆಗೆ ಹಾಕಿದಂತೆ. ಮುಗಿಸಿ, ಮಾವನ ಮುಂದೆ ಹಿಡಿದು ಪ್ಲೇಟಿನ ಕಡೆ ಕತ್ತರಿ ತೋರಿಸಿದರು.

"ತಗಳಿ. ನೀವ್ ಮದ್ವೆ ಆದದ್ದು ಇವಳ್ನೇ ತಾನೆ. ಇದ್ರ್ ಮ್ಯಾಲೇ ಕೂರುಸ್ಕಳಿ."

ಮಾವ ಹಾಸನ್ನು ತಟ್ಟೆಗೆ ಹಾಕಿ, ಮೇಲೆ ಪ್ಲೇಟು ಇಟ್ಟು, ಮುಳ್ಳು ಇಳಿಸಿದರು.

ಪ್ಲೇಟು ಜಾರಲಿಲ್ಲ. ನೂಲು ಏಳಲಿಲ್ಲ. ಬೀಸುವ ಕಲ್ಲಿನ ಗರಗರ ಮೊದಲ ಸಲ ಒಂದೇ ಸಮನಾಗಿ ಕೇಳಿತು. ಐವರು ಹೆಂಗಸರು ನಮ್ಮ ಗೋಡೆಯಾಚೆಯೇ ಕೂತಿದ್ದಾರೆ ಅನ್ನಿಸಿತು. ಆಮೇಲೆ ಆ ಸಾಲು ಬಂತು. ತೆಳ್ಳಗೆ, ನೆಟ್ಟಗೆ, ಸ್ವಲ್ಪ ಹಟಮಾರಿ ಹುಡುಗಿಯ ದನಿ... ನಾನು ಪ್ಲೇಯರನ್ನು ನೋಡಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದೆ. ಕತ್ತರಿ ಇನ್ನೂ ಕೈಯಲ್ಲೇ ಇತ್ತು. ಹಿತ್ತಿಲಿಗೆ ಹೋಗಬೇಕೆಂಬುದು ಅವರಿಗೆ ಮರೆತೇ ಹೋದಂತಿತ್ತು.

ಸಾಲು ಮುಗಿಯಿತು. ಮಾವ ಅಭ್ಯಾಸದಂತೆ ಮುಳ್ಳಿಗೆ ಕೈ ಹಾಕಿದರು. ಅತ್ತೆ ಅವರ ಮಣಿಕಟ್ಟು ಹಿಡಿದರು.

"ಪೂರಾ ಬುಡಿ. ಅವ್ರ್ ನಾಕ್ ಜನಾನೂ ಆಡವ್ರೆ."

ಕೊನೆಯವರೆಗೂ ಕೇಳಿದೆವು, ಮೂವರೂ. ನಿಂತ ಮೇಲೆ ಅತ್ತೆ, "ಅಲ್ಲಿ ರಾಗ ಎಳ್ದುಬುಟ್ಟಿವ್ನಿ ನೋಡು. ನಮ್ಮವ್ವ ಆಗ್ಲೇ ಬೈದಿದ್ಲು" ಎಂದು ನಕ್ಕರು. ಅವರ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಮಾವ ನಗಲಿಲ್ಲ. ಎದುರಿಗಿದ್ದ ಹೆಂಡತಿಯ ಮುಖವನ್ನೇ ನೋಡುತ್ತ, "ಎಲ್ಲಿ ಎಳ್ದಿದ್ದೀಯೆ? ನಂಗ್ ಗೊತ್ತಾಗ್ಲಿಲ್ವಲ್ಲ" ಎಂದರು. ಅತ್ತೆ ಪಿಸುಮಾತಿನಲ್ಲಿ ವಿವರಿಸಿದರು. ಅದನ್ನು ಕೇಳಲು ಮಾವ ಬಗ್ಗಿ, ಅವರ ಬಾಯಿಯ ಹತ್ತಿರ ಕಿವಿ ಇಟ್ಟು, ಕಣ್ಣು ಮುಚ್ಚಿದರು.

ಆಮೇಲಿನ ಭಾನುವಾರಗಳು ನನ್ನವು. ಆ ಪದವನ್ನು ಎಳೆಯದೆ ಹೇಗೆ ಹೇಳಬೇಕು ಎಂದು ಅತ್ತೆ ನನಗೆ ಕಲಿಸಲು ಹೊರಟರು. ದನಿಯಿಲ್ಲದವರು ಹಾಡು ಕಲಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ತೊಡೆಯ ಮೇಲೆ ಅಂಗೈ ತಿರುಗಿಸುತ್ತ ಕಲ್ಲಿನ ಗತಿ ತೋರಿಸುತ್ತಿದ್ದರು. ದನಿ ಏರಬೇಕಾದಲ್ಲಿ ಹುಬ್ಬು ಏರಿಸುತ್ತಿದ್ದರು. ತಪ್ಪಿದರೆ ಮೊಣಕೈ ಮೇಲೆ ಮೆಲ್ಲಗೆ ಚಿವುಟುತ್ತಿದ್ದರು. "ಎಳಿಬ್ಯಾಡ ಕಣಮ್ಮಿ. ಕಲ್ಲು ತಾನೇ ತಿರುಗ್ತದೆ. ನೀನ್ ಅದ್ರ ಇಂದೆ ಓಗು, ಸಾಕು." ಮಾವ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಕೆಲವು ಭಾನುವಾರ ಪೆಟ್ಟಿಗೆಯನ್ನು ತೆರೆಯುತ್ತಲೇ ಇರಲಿಲ್ಲ. ಒಮ್ಮೆ ನಾನು ಆ ಒಂಟಿ ಸಾಲನ್ನು ಹೇಳಿ ನಿಲ್ಲಿಸಿದಾಗ, "ಇಂಗೇ ಇತ್ತೇನೆ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಅಂಗೈಯನ್ನು ಆ ಕಡೆ ಈ ಕಡೆ ಆಡಿಸಿದರು, ಪರವಾಗಿಲ್ಲ ಎನ್ನುವ ಹಾಗೆ. ಆ ದಿನ ನಾನು ಮನೆಗೆ ಕುಣಿದುಕೊಂಡು ಹೋದೆ.

ಆಮೇಲೆ ಪಿಯುಸಿಗೆ ಮಂಡ್ಯಕ್ಕೆ ಬಂದೆ. ಡಿಗ್ರಿ, ಕೆಲಸ, ಮದುವೆ ಎಲ್ಲ ಇಲ್ಲೇ ಆಯಿತು. ಅಪ್ಪನೂ ನಿವೃತ್ತರಾಗಿ ವಠಾರ ಬಿಟ್ಟರು. ಭಾರತೀನಗರ ಮಂಡ್ಯದಿಂದ ಎಷ್ಟು ದೂರ! ಬಸ್ಸಿನಲ್ಲಿ ಒಂದು ಗಂಟೆಯೂ ಬೇಕಿಲ್ಲ. ಆದರೂ ಹೋಗಿದ್ದು ಲೆಕ್ಕಕ್ಕೆ ಸಿಕ್ಕುವಷ್ಟೇ ಸಲ.

ನನ್ನ ಮಗಳ ನಾಮಕರಣಕ್ಕೆ ಅತ್ತೆ ಒಬ್ಬರೇ ಬಸ್ಸಿನಲ್ಲಿ ಬಂದರು. ಮಗುವಿಗೆ ತಾವೇ ಹೊಲಿದ ಲಂಗ ತಂದಿದ್ದರು. ಊಟವಾದ ಮೇಲೆ ಹಾಲಿನ ತುಂಬ ನನ್ನ ಗಂಡನ ಕಡೆಯ ನೆಂಟರು. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನನ್ನು ಹತ್ತಿರ ಕರೆದು, "ಒಂದ್ಸಾರಿ ಆ ಪದ ಏಳ್ತೀಯಾ? ಕೇಳಿ ಬಾಳ ದಿನ ಆಯ್ತು" ಎಂದರು.

ನಾನು ಸುತ್ತ ನೋಡಿದೆ. ಸೋಫಾದ ಮೇಲೆ ನನ್ನ ಗಂಡನ ಚಿಕ್ಕಮ್ಮಂದಿರು, ಅವರ ಸೊಸೆಯರು. ರಾಗಿ ಬೀಸುವ ಪದವನ್ನು ಅವರ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. ಮುಚ್ಚಿಟ್ಟು ಏನು ಪ್ರಯೋಜನ, ನಾಚಿಕೆಯೇ ಆದದ್ದು.

"ಇನ್ನೊಂದ್ಸಲ ಅತ್ತೆ. ಮನೆ ತುಂಬ ಜನ ಅಲ್ವಾ" ಎಂದೆ.

"ಆಯ್ತು ಬುಡು" ಎಂದು ಪಿಸುಗುಟ್ಟಿ ಮಗುವಿನ ಲಂಗದ ನಿರಿಗೆ ಸರಿಮಾಡತೊಡಗಿದರು. ನಾಲ್ಕು ಗಂಟೆಯ ಬಸ್ಸಿಗೆ ಹೊರಟರು. ನಾನು ಗೇಟಿನವರೆಗೆ ಹೋಗಿ ಬಂದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಬಹುದಿತ್ತು... ಹೋಗಲಿಲ್ಲ.

ಮೂರು ತಿಂಗಳಿಗೆ ಸುದ್ದಿ ಬಂತು. ಬೆಳಿಗ್ಗೆ ಮಿಷನ್ನಿನ ಮುಂದೆ ಕೂತವರು ಹಾಗೇ ಒರಗಿಕೊಂಡರಂತೆ. ಎದೆನೋವು ಎಂದು ಯಾರನ್ನಾದರೂ ಕೂಗಿ ಕರೆಯಲು ಅವರಿಗೆ ದನಿ ಎಲ್ಲಿತ್ತು? ನಾನು ಹೋದಾಗ ಎಲ್ಲ ಮುಗಿದಿತ್ತು. ಮಾವ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ, "ಬಂದಾ ಕೂಸೆ" ಎಂದರು, ಅಷ್ಟೇ.

ಕಾರ್ಖಾನೆಯ ಕೆಲಸ ಮುಗಿದ ಮೇಲೆ ಮಾವ ತಮ್ಮ ಊರಿಗೆ ಹೋಗಲಿಲ್ಲ. ಪೂರಿಗಾಲಿಯಲ್ಲಿ ಅತ್ತೆಯ ಅಣ್ಣನ ಮನೆಯಲ್ಲಿ ಒಂದು ಕೋಣೆ ಕೇಳಿ ಇದ್ದುಬಿಟ್ಟರು. ಅತ್ತೆಯ ಜೊತೆ ಹಾಡಿದ ಹೆಂಗಸರಲ್ಲಿ ಇಬ್ಬರು ಆಗಿನ್ನೂ ಬದುಕಿದ್ದರಂತೆ. ಸಂಜೆ ಅವರ ಜಗಲಿಯಲ್ಲಿ ಕೂತು ಅತ್ತೆಯ ಹುಡುಗುತನದ ಮಾತು ಕೇಳುತ್ತಿದ್ದರಂತೆ. ಆಮೇಲೆ ಅವರೂ ಹೋದರು. ಹೋದ ವರ್ಷ ಮಾವನೂ ಹೋದರು. ಇದೆಲ್ಲ ನನಗೆ ತಿಳಿದದ್ದು ಅತ್ತೆಯ ಅಣ್ಣನ ಮಗನಿಂದ. ಗೆಜ್ಜಲಗೆರೆಯಲ್ಲಿ ಕೆಲಸ ಮಾಡುವ, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರಾದ ಅವರು, ಪಾಳಿ ಮುಗಿಸಿ ಬೈಕಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಚಿಕ್ಕ ಪ್ಲೇಟು.

"ಅವ್ರು ಓದ್ಮೇಲೆ ಪೆಟ್ಗೆ ಕೆಟ್ಟೋಗಿ, ಆಸು ಸಮೇತ ಗುಜ್ರಿಗೋಯ್ತು ಅಕ್ಕ. ಇದ್ನ ಮಾತ್ರ ನಿಮ್ಗೇ ಕೊಡ್ಬೇಕು ಅಂತ ಏಳಿದ್ರು. ಕೊನೆಗಂಟ ದಿನಾ ಆಕೋರು. ಒಂದೇ ಕಡೆ, ತಿರ‍್ಗ ತಿರ‍್ಗ" ಎಂದರು.

ಅದಕ್ಕಾಗಿಯೇ ನಾನು ಈ ಹಳೆಯ ಪ್ಲೇಯರ್ ಕೊಂಡದ್ದು, ರಿಪೇರಿಗೆ ಕೊಟ್ಟದ್ದು.

ಮೂರು ಹಾಸುಗಳಲ್ಲಿ ಯಾವುದೆಂದು ಅಂಗಡಿಯಲ್ಲಿ ತೀರ್ಮಾನವಾಗಲಿಲ್ಲ. ಹಾಕಿ ನೋಡಿ ಬೇಡದ್ದನ್ನು ಹಿಂದಕ್ಕೆ ತನ್ನಿ ಎಂದು ಅಂಗಡಿಯವರು ಮೂರನ್ನೂ ಕೊಟ್ಟರು. ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲು ಉಣ್ಣೆಯದನ್ನೇ ಹಾಕಿದೆ. ಪ್ಲೇಟು ಇಟ್ಟು, ಒರೆಸಿ, ಮುಳ್ಳು ಇಳಿಸಿದೆ.

ಕಲ್ಲಿನ ಗರಗರ ಬಂತು. ಐವರು ಹೆಂಗಸರೂ ಬಂದರು, ಸ್ವಲ್ಪ ದೂರದಿಂದ, ಆದರೆ ಸ್ಪಷ್ಟವಾಗಿ. ನಾನು ಆ ಸಾಲಿಗೆ ಕಾದೆ. ಬಂದದ್ದು ಬರೀ ಸುಂಯ್ ಎಂಬ ಸದ್ದು. ಒಲೆ ಊದಿದಂತೆ ಬರೀ ಗಾಳಿ, ಅದರ ತಳದಲ್ಲಿ ಎಲ್ಲೋ ದನಿಯ ಒಂದು ನೆರಳು. ಆ ಸಾಲು ಮುಗಿದ ಮೇಲೆ ಮತ್ತೆ ಐವರೂ ಸ್ಪಷ್ಟ. ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಪ್ಲೇಟಿನ ನಡುವೆ ಒಂದೇ ಒಂದು ಕಡೆ ಬೂದು ಉಂಗುರ. ಅಷ್ಟು ವರ್ಷ ಅಷ್ಟೊಂದು ಸಲ ಕೇಳಿ ಕೇಳಿ ಮಾವ ಅದನ್ನು ಸವೆಸಿಬಿಟ್ಟಿದ್ದರು.

ಸುಮ್ಮನಿರಲು ಆಗಲಿಲ್ಲ. ರಬ್ಬರಿನದನ್ನು ಹಾಕಿ ನೋಡಿದೆ, ಕಾರ್ಕಿನದನ್ನು ಹಾಕಿ ನೋಡಿದೆ. ಹಾಸು ಬದಲಿಸಿದರೆ ದನಿ ಎದ್ದುಬಂದೀತು ಎಂದು, ಮಾವನ ಹಾಗೆಯೇ. ಕಾರ್ಕಿನ ಮೇಲೆ ಮಿಕ್ಕ ಪದ ಚೆನ್ನಾಗಿ ಕೇಳಿತು. ಅದನ್ನೇ ಇಟ್ಟುಕೊಂಡೆ. ಬಾಕಿ ಎರಡನ್ನು ಮರುದಿನ ಅಂಗಡಿಗೆ ಕೊಟ್ಟುಬಂದೆ. "ಈಗ್ ಸರ್ಯಾಗ್ ಕೇಳ್ಸ್ತದಾ ಮೇಡಂ?" ಎಂದು ಕೇಳಿದರು. ಕೇಳಿಸುತ್ತದೆ ಎಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಮತ್ತೆ ಮುಳ್ಳು ಇಟ್ಟೆ. ಐವರೂ ಹಾಡಿ ನಿಲ್ಲಿಸಿದಾಗ ಆ ಒಂಟಿ ಸಾಲನ್ನು ನಾನೇ ಹೇಳಿದೆ. ಎಷ್ಟೋ ವರ್ಷದಿಂದ ಹಾಡದ ಗಂಟಲು. ನಡುವೆ ಒಂದು ಕಡೆ ಒಡೆಯಿತು. ಒಂದು ಕಡೆ ಎಳೆದೆನೋ ಏನೋ... ಎಳೆದಿರಬೇಕು. ಅಂದು ಹಾಲಿನ ತುಂಬ ಜನರ ನಡುವೆ ಇದೇ ಸಾಲನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಬಲ್ಲವಳಾಗಿದ್ದೆ, ಕೇಳಲು ಅತ್ತೆ ಮಗುವನ್ನು ಎತ್ತಿಕೊಂಡು ಕೂತಿದ್ದರು. ಈಗ ನಾನು ಹೇಳಿದ್ದು ಸರಿಯೋ ತಪ್ಪೋ ಎನ್ನಲು ನನ್ನ ಬಿಟ್ಟರೆ ಆ ದನಿಯನ್ನು ಕೇಳಿದವರು ಯಾರೂ ಉಳಿದಿಲ್ಲ. ಪದ ಮುಗಿದ ಮೇಲೂ ಪ್ಲೇಟು ತಿರುಗುತ್ತಲೇ ಇತ್ತು. ಎದ್ದು ಹೋಗಿ ಮುಳ್ಳನ್ನು ಎತ್ತಿಡಲು ನನಗೆ ತುಂಬ ಹೊತ್ತು ಬೇಕಾಯಿತು.